ನಾಲ್ಕು ದಿನ ಬರದಿದ್ದವರನ್ನು ಕೇಳುವವರು ಯಾರು?

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ಮಾನ್ಯ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ ಮತ್ತು ಹೋಟೆಲ್ ಉದ್ಯಮದ ಹಿರಿಯರಿಗೆ,

ಸಾದರ ನಮಸ್ಕಾರಗಳು.

ನನಗೆ ಈಗ 27 ವರ್ಷ. ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪಯ್ಯ ಕುಂದಾಪುರದ ಕಡೆಯವರು. 13ನೇ ವಯಸ್ಸಿಗೆ ಬಸ್ಸು ಹತ್ತಿ ಮುಂಬಯಿಗೆ ಬಂದವರು. ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ಆಮೇಲೆ ಸಪ್ಲೈಯರ್ ಆಗಿ, ಕೊನೆಗೆ ಗಲ್ಲಾದಲ್ಲಿ ಕೂತವರು. ನಿಮ್ಮ ಸಭಾಗೃಹಗಳು ನನಗೆ ಹೊಸತಲ್ಲ. ನಾಲ್ಕನೇ ಕ್ಲಾಸಿನಲ್ಲಿ ನಿಮ್ಮ ವೇದಿಕೆಯ ಮೇಲೇ ಮೊದಲ ಸಲ ಕನ್ನಡ ಪದ್ಯ ಹೇಳಿದ್ದೆ. ನನ್ನ ಹತ್ತನೇ ಕ್ಲಾಸಿನ ಪುಸ್ತಕಕ್ಕೆ ದುಡ್ಡು ಕೊಟ್ಟದ್ದು ನೀವು. ಆ ಲಕೋಟೆಯನ್ನು ಅಮ್ಮ ಈಗಲೂ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ. ಆ ಋಣ ಮರೆಯದೆಯೇ ಈ ಪತ್ರ ಬರೆಯುತ್ತಿದ್ದೇನೆ. ದೂರು ಇದೆ, ಬೇಡಿಕೆಯೂ ಇದೆ. ಎರಡನ್ನೂ ಮನೆಯ ಹಿರಿಯರ ಹತ್ತಿರ ಹೇಳುವ ಹಾಗೆ ಹೇಳುತ್ತೇನೆ.

ಕೆಲವು ತಿಂಗಳ ಹಿಂದೆ ಒಂದು ಸಂಘದ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಯಾವ ಸಂಘ ಅಂತ ಬರೆಯುವುದಿಲ್ಲ. ಅಲ್ಲಿ ಕೇಳಿದ ಮಾತನ್ನು ಬೇರೆ ವೇದಿಕೆಗಳಲ್ಲೂ ಕೇಳಿದ್ದೇನೆ. ಮೊದಲು ಪ್ರತಿಭಾ ಪುರಸ್ಕಾರ ನಡೆಯಿತು. ಶೇ. 90 ದಾಟಿದ ಮಕ್ಕಳು ಸಾಲಾಗಿ ಬಂದು ಶಾಲು, ಸ್ಮರಣಿಕೆ ತೆಗೆದುಕೊಂಡರು. ಆಮೇಲೆ ಮುಖ್ಯ ಅತಿಥಿಗಳು ಮಾತಿಗೆ ನಿಂತರು. "ಈಗಿನ ಮಕ್ಕಳಿಗೆ ಎಲ್ಲ ಇದೆ, ಗಟ್ಟಿತನ ಒಂದು ಇಲ್ಲ. ಪರೀಕ್ಷೆ ಹೋದರೆ ಡಿಪ್ರೆಶನ್, ಕೆಲಸ ಹೋದರೆ ಡಿಪ್ರೆಶನ್. ನಾವು ಫುಟ್‌ಪಾತಿನಲ್ಲಿ ಮಲಗಿ ಮೇಲೆ ಬಂದವರು. ಜಾರ್ಜ್ ಫರ್ನಾಂಡಿಸ್ ಚೌಪಾಟಿ ಕಡಲತೀರದಲ್ಲಿ ಮಲಗಿ ದೇಶದ ಮಂತ್ರಿಯಾದರು. ನಮಗೆಲ್ಲ ಯಾರು ಕೌನ್ಸೆಲಿಂಗ್ ಮಾಡಿದ್ದರು?" ಅಂದರು. ಸಭೆ ಚಪ್ಪಾಳೆ ತಟ್ಟಿತು.

ನನ್ನ ಮುಂದಿನ ಸಾಲಿನಲ್ಲಿ ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗ ಕೂತಿದ್ದ. ಅವನ ಅಮ್ಮ ಒತ್ತಾಯ ಮಾಡಿ ಕರೆತಂದಿದ್ದರು. ಚಪ್ಪಾಳೆ ಮುಗಿಯುವ ಮೊದಲೇ ಅವನು ಎದ್ದು ಹೊರಗೆ ಹೋದ. ಊಟಕ್ಕೂ ಬರಲಿಲ್ಲ. ಅವನು ಯಾಕೆ ಎದ್ದ ಅಂತ ಆ ಸಭಾಗೃಹದಲ್ಲಿ ಗೊತ್ತಿದ್ದದ್ದು ಇಬ್ಬರಿಗೋ ಮೂವರಿಗೋ. ಹಾಗಾಗಿ ಮೊದಲು ಅವನ ವಿಷಯ.

2021ರ ಏಪ್ರಿಲಿನಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ, ಅವನ ಅಪ್ಪ ತೀರಿಕೊಂಡರು. ಆಗ ಅವನಿಗೆ 19. ಇಂಜಿನಿಯರಿಂಗ್ ಓದುತ್ತಿದ್ದ. ಒಂದು ಸಂಸ್ಥೆಯಿಂದ ಅವನಿಗೆ ವಿದ್ಯಾರ್ಥಿ ವೇತನ ಬರುತ್ತಿತ್ತು. ಅಪ್ಪ ಹೋದ ಮರುವರ್ಷ ಮೂರು ವಿಷಯದಲ್ಲಿ ಕೇಟಿ ಬಿತ್ತು, ಅಂದರೆ ಅವು ಪಾಸಾಗದೆ ಬಾಕಿ ಉಳಿದವು. ಆ ವರ್ಷದ ಫಾರ್ಮ್ ತೆಗೆದುಕೊಂಡು ಹೋದದ್ದು ನಾನೇ. ಕಚೇರಿಯಲ್ಲಿದ್ದವರು ಒಳ್ಳೆಯವರು. ಕೂರಿಸಿ ಚಹಾ ಕೊಟ್ಟರು. ಅಂಕಪಟ್ಟಿ ನೋಡಿ ಫಾರ್ಮನ್ನು ವಾಪಸು ಕೊಟ್ಟರು. "ಎಲ್ಲ ವಿಷಯ ಪಾಸಾಗಿರಬೇಕು ಅಂತ ನಿಯಮ ಉಂಟಮ್ಮಾ, ನಾವೇನು ಮಾಡುವುದು?" ಅಂದರು. ಅಪ್ಪ ಇದ್ದಾಗ, ಅಂಕ ಚೆನ್ನಾಗಿ ಬರುತ್ತಿದ್ದಾಗ ಸಹಾಯ ಸಿಕ್ಕಿತ್ತು. ಅಪ್ಪ ಹೋದ ಮೇಲೆ, ಅಂಕ ಬಿದ್ದ ಮೇಲೆ ನಿಂತಿತು. ಕೇಟಿ ಯಾಕೆ ಬಿತ್ತು ಅಂತ ಬರೆಯಲು ಆ ಫಾರ್ಮಿನಲ್ಲಿ ಒಂದು ಗೆರೆ ಜಾಗ ಕೂಡ ಇರಲಿಲ್ಲ.

ಅವನು ಕಾಲೇಜು ಬಿಟ್ಟ. ಈಗ ಬೈಕಿನಲ್ಲಿ ಮನೆಮನೆಗೆ ಊಟದ ಪಾರ್ಸೆಲ್ ಮುಟ್ಟಿಸುತ್ತಾನೆ. ದುಡಿಮೆಯಲ್ಲಿ ಕೀಳು ಯಾವುದೂ ಇಲ್ಲ, ಅದು ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನ ಬೇಸರ ಬೇರೆ. ಆ ರಾತ್ರಿ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಅವನು ಸಿಕ್ಕಿದ. "ನನಗೆ ಗಟ್ಟಿತನ ಇಲ್ಲ ಅಂತ ಮೈಕಿನಲ್ಲೂ ಹೇಳಿದರಲ್ಲ ಅಕ್ಕ" ಅಂದ. ನನಗೆ ಏನು ಹೇಳಬೇಕೋ ತೋಚಲಿಲ್ಲ. 19ನೇ ವಯಸ್ಸಿಗೆ ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಿದವನು. ಸ್ಮಶಾನದಲ್ಲಿ ಸರದಿಯಲ್ಲಿ ನಿಂತವನು. ತಂಗಿಯನ್ನು ಕಾಲೇಜಿಗೆ ಸೇರಿಸಿದವನು. ಜುಲೈ ಮಳೆಯಲ್ಲಿ ರಾತ್ರಿ ಹನ್ನೆರಡರವರೆಗೆ ಬೈಕ್ ಓಡಿಸುವವನು. ಅವನಿಗೆ ಇನ್ನೂ ಎಷ್ಟು ಗಟ್ಟಿತನ ಬೇಕು, ಹೇಳಿ?

ಇನ್ನು ನನ್ನ ವಿಷಯ.

2020ರ ಮಾರ್ಚಿನಲ್ಲಿ ನಾನು ಸಿ.ಎ. ಫೈನಲ್ ಪರೀಕ್ಷೆಗೆ ಓದುತ್ತಿದ್ದೆ. ಮೇ ತಿಂಗಳಲ್ಲಿ ನನ್ನ ಮೊದಲ ಅಟೆಂಪ್ಟ್ ಇತ್ತು. ಲಾಕ್‌ಡೌನ್ ಬಂತು. ಲೋಕಲ್ ಟ್ರೇನು ನಿಂತಿತು. ಈ ಊರಿನಲ್ಲಿ ಲೋಕಲ್ ನಿಂತರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಪರೀಕ್ಷೆ ಮೊದಲು ಮುಂದಕ್ಕೆ ಹೋಯಿತು, ಆಮೇಲೆ ರದ್ದಾಗಿ ನವೆಂಬರಿನ ಪರೀಕ್ಷೆಯ ಜೊತೆ ಸೇರಿತು. ಅಪ್ಪಯ್ಯನ ಹೋಟೆಲಿನ ಬಾಗಿಲು ಮುಚ್ಚಿತು. ಧಣಿ ಎರಡು ತಿಂಗಳು ಅರ್ಧ ಸಂಬಳ ಕೊಟ್ಟರು. ಮೂರನೇ ತಿಂಗಳು ಫೋನ್ ಮಾಡಿ, ತಮ್ಮ ಕೈಯಲ್ಲಿ ಆಗುವುದಿಲ್ಲ ಅಂತ ಅತ್ತರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಅಪ್ಪಯ್ಯ ಸೇವಾಸಿಂಧು ಪಾಸ್ ಮಾಡಿಸಿಕೊಂಡು ಊರಿಗೆ ಹೊರಟರು. ನಡುವೆ ಮಹಾರಾಷ್ಟ್ರದವರನ್ನು ಒಳಗೆ ಬಿಡುವುದಿಲ್ಲ ಅಂತ ಕರ್ನಾಟಕ ಸರಕಾರ ತಡೆ ಹಾಕಿತ್ತು, ಅದು ಮುಗಿಯುವವರೆಗೆ ಕಾದರು. ಊರಿನಲ್ಲಿ ಕ್ವಾರಂಟೈನ್ ಮಾಡಿದ್ದು ಒಂದು ಸರಕಾರಿ ಶಾಲೆಯಲ್ಲಿ. ಅಪ್ಪಯ್ಯ ಏಳನೇ ಕ್ಲಾಸಿನವರೆಗೆ ಓದಿದ ಶಾಲೆಯೇ ಅದು. ಮುಂಬಯಿಯಿಂದ ದುಡ್ಡು ಬರುತ್ತಿದ್ದಾಗ ಊರಿನ ಜಾತ್ರೆಗೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಇವರು ಬೇಕಿತ್ತು. ಈಗ ಕ್ವಾರಂಟೈನಿನಲ್ಲಿ ಕೂತಾಗ ಮಾತ್ರ ಊರಿನವರು "ಮುಂಬಯಿಯವರು" ಅಂತ ಗೇಟಿನ ಆಚೆಯಿಂದ ಮಾತಾಡಿದರು. 58 ವರ್ಷದ ಮನುಷ್ಯ ತಾನು ಕೂತು ಓದಿದ ಬೆಂಚಿನ ಪಕ್ಕ ಚಾಪೆ ಹಾಸಿ ಮಲಗಿದರು. ಆ ದಿನಗಳ ಬಗ್ಗೆ ಅವರು ಮನೆಯಲ್ಲಿ ಮಾತಾಡಿದ್ದು ಒಂದೇ ಸಲ.

ನಾನು ನವೆಂಬರಿನಲ್ಲಿ ಪರೀಕ್ಷೆ ಬರೆದೆ, ಪೇಪರುಗಳ ಎರಡೂ ಗ್ರೂಪ್ ಹೋಯಿತು. 2021ರ ಜುಲೈಯಲ್ಲಿ ಬರೆದೆ, ಹೋಯಿತು. ಡಿಸೆಂಬರಿನಲ್ಲಿ ಒಂದೇ ಗ್ರೂಪ್ ಬರೆದೆ. ಅದರ ಫಲಿತಾಂಶ 2022ರ ಫೆಬ್ರವರಿಯಲ್ಲಿ ಬಂತು. ಸಿ.ಎ. ಪರೀಕ್ಷೆಯಲ್ಲಿ ಪ್ರತಿ ಪೇಪರಿನಲ್ಲೂ 40 ಬರಬೇಕು, ಗ್ರೂಪಿನ ಒಟ್ಟು ಅಂಕದಲ್ಲಿ ಅರ್ಧವಾದರೂ ಬರಬೇಕು. ನನಗೆ ಎಲ್ಲ ಪೇಪರಿನಲ್ಲೂ 40 ದಾಟಿತ್ತು. ಒಟ್ಟಿನಲ್ಲಿ ಒಂಬತ್ತು ಅಂಕ ಕಡಿಮೆ. ಆಫೀಸಿನಿಂದ ಬರುವಾಗ ಟ್ರೇನಿನಲ್ಲೇ ಮೊಬೈಲಿನಲ್ಲಿ ನೋಡಿದೆ. ದಾದರಿನಲ್ಲಿ ಇಳಿದು ಬೆಂಚಿನ ಮೇಲೆ ಕೂತೆ. ಡೊಂಬಿವಲಿಗೆ ಹೋಗುವ ಎಷ್ಟು ಗಾಡಿ ಬಿಟ್ಟೆನೋ ಲೆಕ್ಕ ಇಲ್ಲ. ಮನೆಗೆ ಹೋಗಿ ಏನು ಹೇಳುವುದು ಅನ್ನುವುದೊಂದೇ ತಲೆಯಲ್ಲಿ. ಅಪ್ಪಯ್ಯನಿಗೆ ಕೆಲಸ ಇಲ್ಲ. ತಮ್ಮನ ಫೀಸು ಬಾಕಿ. ನನ್ನ ಹೆಸರಿನ ಮುಂದೆ ಸಿ.ಎ. ಅಂತ ಬಂದರೆ ಎಲ್ಲ ಸರಿಯಾಗುತ್ತದೆ ಅಂತ ಮನೆಯವರೆಲ್ಲ ನಂಬಿದ್ದರು.

ಮರುದಿನದಿಂದ ನಾನು ಆಫೀಸಿಗೆ ಹೋಗಲಿಲ್ಲ. ಹುಷಾರಿಲ್ಲ ಅಂದೆ. ಸ್ನಾನ ಬೇಡ, ಊಟ ಬೇಡ. ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಆಗ ಅಮ್ಮನಿಗೆ ಗೊತ್ತಿದ್ದ ಒಬ್ಬ ಹಿರಿಯರು ಮನೆಗೆ ಬಂದರು. ನಿಮ್ಮಂಥವರೇ. ಪ್ರೀತಿಯಿಂದಲೇ ಬಂದರು. "ಮನಸ್ಸು ಗಟ್ಟಿ ಮಾಡ್ಕೊಳ್ಳಬೇಕು ಮಗಾ" ಅಂತ ಹೇಳಿ ಹೋದರು. ಗಟ್ಟಿ ಮಾಡಿಕೊಳ್ಳಲು ಕೈಗೆ ಮನಸ್ಸೇ ಸಿಗುತ್ತಿರಲಿಲ್ಲ, ಏನನ್ನು ಗಟ್ಟಿ ಮಾಡಲಿ?

ಐದನೇ ದಿನ ಬೆಳಿಗ್ಗೆ ಫೋನ್ ಬಂತು. ನಾನು ದಿನಾ ಹೋಗುವ ಲೋಕಲಿನ ಮಹಿಳಾ ಡಬ್ಬಿಯಲ್ಲಿ ನಮ್ಮದೊಂದು ಗುಂಪು ಇತ್ತು. ಅದರಲ್ಲಿ ಒಬ್ಬರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಮರಾಠಿ ತಾಯಿ. ನಾವೆಲ್ಲ ಅವರನ್ನು ಮಾವಶಿ ಅನ್ನುತ್ತಿದ್ದೆವು. "ನಾಲ್ಕು ದಿನದಿಂದ ನೀನು ಬಂದಿಲ್ಲ, ಏನಾಯಿತು?" ಅಂತ ಕೇಳಿದರು. ಹೇಳಿದೆ. ಅವರು ಉಪದೇಶ ಮಾಡಲಿಲ್ಲ. "ನಾಳೆ ಗಾಡಿಗೆ ಬಾ. ಆಫೀಸಿಗೆ ಹೋಗಬೇಡ ಬೇಕಾದರೆ. ನಮ್ಮ ಜೊತೆ ಕೊನೆಯ ಸ್ಟೇಷನ್ ಸಿಎಸ್‌ಎಂಟಿವರೆಗೆ ಬಂದು ವಾಪಸು ಹೋಗು" ಅಂದರು. ಹೋದೆ. ಡಬ್ಬಿಯಲ್ಲಿ ನನಗೆ ಸೀಟು ಹಿಡಿದಿದ್ದರು. ಯಾರೋ ಬಟಾಣಿ ಸುಲಿಯುತ್ತಿದ್ದರು, ನನ್ನ ಮಡಿಲಿಗೂ ಒಂದಿಷ್ಟು ಹಾಕಿದರು. ಘಾಟ್‌ಕೋಪರ್ ದಾಟುವಷ್ಟರಲ್ಲಿ ನಾನು ಬಟಾಣಿ ಸುಲಿಯುತ್ತಾ ಅಳುತ್ತಿದ್ದೆ. ಯಾರೂ ಅಳಬೇಡ ಅನ್ನಲಿಲ್ಲ.

ಎರಡು ವಾರ ಹಾಗೇ ಹೋಗಿ ಬಂದೆ. ಆಮೇಲೆ ಅದೇ ಮಾವಶಿ ಪರೇಲಿನ ಕೆಇಎಂ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ನನ್ನನ್ನು ಕರೆದುಕೊಂಡು ಹೋದರು. ಕೇಸ್ ಪೇಪರ್ ಮಾಡಿಸಲು ನನ್ನ ಜೊತೆ ಸರದಿಯಲ್ಲಿ ನಿಂತರು. ಕೆಲವು ತಿಂಗಳು ಮಾತ್ರೆ, ಮಾತು ಎರಡೂ ನಡೆಯಿತು. ನಿಧಾನವಾಗಿ ನಿದ್ದೆ ಬಂತು. ನಿದ್ದೆ ಬಂದ ಮೇಲೆ ಹಸಿವು ಬಂತು. ಇದನ್ನು ಹೆಸರಿಲ್ಲದ ಯಾರದೋ ಕಥೆ ಅಂತ ಬರೆಯಬಹುದಿತ್ತು. ಬರೆಯುವುದಿಲ್ಲ. ನನ್ನದೇ.

ನಾನು ಸಿ.ಎ. ಆಗಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಒಂದು ಗ್ರೂಪ್ ಆಮೇಲೆ ಪಾಸಾಯಿತು. ಇನ್ನೊಂದು ಹಾಗೇ ಇದೆ. ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ, ಮನೆ ನಡೆಯುತ್ತದೆ. ಸಭೆಗಳಲ್ಲಿ ಹೇಳುವ ಕಥೆಗಳೆಲ್ಲ ಗೆದ್ದಲ್ಲಿಗೆ ಮುಗಿಯುತ್ತವೆ. ನನ್ನದು ಅಲ್ಲಿಗೆ ಮುಗಿದಿಲ್ಲ. ಆದರೂ ನಾನು ಎದ್ದು ನಿಂತಿದ್ದೇನೆ ಅಲ್ವಾ?

ಹಿರಿಯರೇ, ನಿಮ್ಮ ಕಥೆಗಳಿಗೆ ಬರುತ್ತೇನೆ. ಆ ಕಥೆಗಳು ಸುಳ್ಳು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ವೇದಿಕೆಯಲ್ಲಿ ಹೇಳುವಾಗ ಅದರಲ್ಲಿ ಒಂದು ಭಾಗ ಬಿಟ್ಟುಹೋಗುತ್ತದೆ.

ಅಪ್ಪಯ್ಯ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋದವರು. ಮುಂಬಯಿಯ ರಾತ್ರಿ ಶಾಲೆಗಳು ಎಷ್ಟು ಹೋಟೆಲ್ ಹುಡುಗರನ್ನು ಎಸ್ಸೆಸ್ಸಿ ದಾಟಿಸಿವೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಹಾಸಿಗೆ ಹಿಡಿದ ಆ ದಿನಗಳಲ್ಲಿ ಅಪ್ಪಯ್ಯ ಒಂದು ಮಾತು ಹೇಳಿದರು. ಅವರಿಗೆ 15 ವರ್ಷ ಇದ್ದಾಗ ಊರಿನಲ್ಲಿ ಅಜ್ಜಿ ತೀರಿಕೊಂಡರಂತೆ. ತಾಯಿಯ ಮುಖ ನೋಡಲು ಹೋಗಲಾಗಲಿಲ್ಲ. ಕಾಗದ ಬಂದಾಗಲೇ ಹನ್ನೆರಡು ದಿನ ಕಳೆದಿತ್ತು. ಅಪ್ಪಯ್ಯ ಶಾಲೆ ಬಿಟ್ಟರು. ಹೋಟೆಲಿನ ಮಾಳಿಗೆಯಲ್ಲಿ ಗೋಣಿ ಚೀಲಗಳ ಮೇಲೆ ಸುಮ್ನೆ ಮಲಗಿರುತ್ತಿದ್ದರಂತೆ. ನಾಲ್ಕು ದಿನ ಹುಡುಗ ಬರಲಿಲ್ಲ ಅಂತ ರಾತ್ರಿ ಶಾಲೆಯ ಮಾಸ್ತರರು ಹೋಟೆಲಿಗೇ ಹುಡುಕಿಕೊಂಡು ಬಂದರು. ಮಾಳಿಗೆ ಹತ್ತಿ ಬಂದು ಪಕ್ಕದಲ್ಲಿ ಕೂತರು. ಆಮೇಲೆ ಧಣಿಯ ಹತ್ತಿರ ಮಾತಾಡಿದರು. ಪರೀಕ್ಷೆ ಮುಗಿಯುವವರೆಗೆ ಹುಡುಗನನ್ನು ಸಂಜೆ ಆರಕ್ಕೆ ಬಿಡಬೇಕು ಅಂದರು. ಧಣಿ ಒಪ್ಪಿದರು. "ಆ ಮಾಸ್ತರರು ಬಾರದಿದ್ದರೆ ನಾನು ಎಲ್ಲಿರುತ್ತಿದ್ದೆನೋ" ಅಂದರು ಅಪ್ಪಯ್ಯ. 45 ವರ್ಷದ ಹಿಂದಿನ ಮಾತು. ಹೇಳುವಾಗ ಗಂಟಲು ಕಟ್ಟಿತ್ತು.

ಅಪ್ಪಯ್ಯನಿಗೂ ನಾಲ್ಕು ದಿನ, ನನಗೂ ನಾಲ್ಕು ದಿನ. ಬರಲಿಲ್ಲ ಅಂತ ಗಮನಿಸಿದವರು ಒಬ್ಬರು ಇದ್ದರು. ಇಬ್ಬರೂ ಉಳಿದೆವು.

ಜಾರ್ಜ್ ಫರ್ನಾಂಡಿಸರ ಮಾತು ಬಂದದ್ದಕ್ಕೆ ಹೇಳುತ್ತೇನೆ. 1949ರಲ್ಲಿ ಮಂಗಳೂರಿನಿಂದ ಬಂದ ಅವರು ಚೌಪಾಟಿಯಲ್ಲಿ ಮಲಗಿದ್ದು ನಿಜ. ಆಮೇಲೆ ಪತ್ರಿಕೆಯಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿದ್ದೂ ನಿಜ. ಆದರೆ ಅವರಿಗೆ ದಾರಿ ತೋರಿಸಿದವರಲ್ಲಿ ಬಂದರಿನ ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೋ ಇದ್ದರು, ರಾಮಮನೋಹರ ಲೋಹಿಯಾ ಇದ್ದರು. ಫುಟ್‌ಪಾತನ್ನು ಮಾತ್ರ ಹೇಳಿ ಡಿಮೆಲ್ಲೋ ಅವರನ್ನು ಬಿಟ್ಟರೆ ಕೇಳುವ ಹುಡುಗನಿಗೆ ಏನು ಅರ್ಥವಾಗುತ್ತದೆ? ಒಬ್ಬನೇ ಎದ್ದು ಬರಬೇಕು, ಆಗದಿದ್ದರೆ ತಪ್ಪು ತನ್ನದೇ ಅಂತ.

ಈ ವಿಷಯದ ಮೇಲೆ ದೊಡ್ಡ ಅಧ್ಯಯನವೇ ನಡೆದಿದೆ. ಹವಾಯಿಯ ಕವಾಯಿ ಅನ್ನುವ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಅನ್ನುವ ಮನಶ್ಶಾಸ್ತ್ರಜ್ಞೆಯರ ತಂಡ 40 ವರ್ಷ ವಯಸ್ಸಿನವರೆಗೂ ನೋಡುತ್ತಾ ಬಂತು. ಬಡತನ, ಮನೆಯ ಜಗಳ, ಕುಡಿತ, ತಂದೆ-ತಾಯಿಯ ಕಾಯಿಲೆ ಹೀಗೆ ಕಷ್ಟಗಳ ನಡುವೆ ಹುಟ್ಟಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ಚೆನ್ನಾಗಿಯೇ ಬೆಳೆದರು. ಅವರ ಸ್ವಭಾವವೂ ಸಹಾಯ ಮಾಡಿತ್ತು. ಆದರೆ ಮತ್ತೆ ಮತ್ತೆ ಕಂಡ ಒಂದು ವಿಷಯ ಇದು: ಆ ಮಕ್ಕಳ ಜೊತೆ ಅಜ್ಜಿಯೋ ಅತ್ತೆಯೋ ಶಿಕ್ಷಕರೋ ನೆರೆಯವರೋ, ನಂಬಬಹುದಾದ ದೊಡ್ಡವರು ಒಬ್ಬರಾದರೂ ಇದ್ದರು. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು. ಹದಿಹರೆಯದಲ್ಲಿ ಎಡವಿದ ಮಕ್ಕಳಲ್ಲೂ ಹೆಚ್ಚಿನವರು ಮೂವತ್ತು ದಾಟುವಷ್ಟರಲ್ಲಿ ಚೇತರಿಸಿಕೊಂಡರು. ಹೇಗೆ? ಮತ್ತೆ ಓದಲು ಅವಕಾಶ, ಒಂದು ಕೆಲಸ, ಒಳ್ಳೆಯ ಸಂಗಾತಿ, ಸೇರಿಸಿಕೊಂಡ ಒಂದು ಸಮುದಾಯ. ಎರಡನೇ ಅವಕಾಶ ಸಿಕ್ಕಿತು. ಕೇಟಿ ಬಿದ್ದ ಹುಡುಗನ ಫಾರ್ಮ್ ವಾಪಸು ಬಂದಾಗ ಹೋದದ್ದು ಅದೇ ಅವಕಾಶ.

ಗಟ್ಟಿತನ ಅಂದರೆ ಕಲ್ಲಿನ ಹಾಗಿರುವುದು ಅಂತ ನಾವು ತಿಳಿದುಕೊಂಡಿದ್ದೇವೆ. ಊರಿನ ತೆಂಗಿನ ಮರ ನೋಡಿ. ಜೂನಿನ ಗಾಳಿಗೆ ಎಷ್ಟು ಬಾಗುತ್ತದೆ! ಬಾಗಿದ್ದಕ್ಕೆ ಅದನ್ನು ಯಾರೂ ಬಯ್ಯುವುದಿಲ್ಲ. ಬುಡದಲ್ಲಿ ಮಣ್ಣು ಸಡಿಲವಾದರೆ ಮಾತ್ರ ಅದು ಉರುಳುತ್ತದೆ. ಅದಕ್ಕೇ ಊರಿನವರು ವರ್ಷ ವರ್ಷ ಬುಡ ಬಿಡಿಸಿ ಗೊಬ್ಬರ, ಮಣ್ಣು ಹಾಕುತ್ತಾರೆ. ನಮ್ಮ ಬುಡಕ್ಕೆ ಮಣ್ಣು ಹಾಕುವವರು ನೀವೇ ಆಗಬೇಕು. ಈ ಊರಿನಲ್ಲಿ ನಮಗೆ ಬೇರೆ ಯಾರಿದ್ದಾರೆ?

ಇದು ಒಬ್ಬಿಬ್ಬರ ತೊಂದರೆಯೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅದೂ ಕೋವಿಡ್‌ಗಿಂತ ಮೊದಲಿನ ಲೆಕ್ಕ.

ಈಗ ಬೇಡಿಕೆಗಳು. ನನಗೆ ಅನಿಸಿದ್ದನ್ನು ಅನಿಸಿದ ಹಾಗೆ ಬರೆಯುತ್ತೇನೆ.

ಮೊದಲನೆಯದು ವಿದ್ಯಾರ್ಥಿ ವೇತನದ ನಿಯಮ. ಜಾಸ್ತಿ ಅಂಕ ತಂದವರಿಗೆ ಕೊಡುವುದನ್ನು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಕೊಡಿ. ಆದರೆ ಒಟ್ಟು ಹಣದಲ್ಲಿ ಒಂದು ಪಾಲನ್ನು ಬಿದ್ದ ಮಕ್ಕಳಿಗೆ ಅಂತ ತೆಗೆದಿಡಿ. ಮನೆಯಲ್ಲಿ ಸಾವು, ಕಾಯಿಲೆ, ಕೆಲಸ ಹೋಗಿರುವುದು, ಇಂಥ ಕಾರಣದಿಂದ ಓದು ಕೆಟ್ಟಿದ್ದರೆ ಆ ವರ್ಷ ಸಹಾಯ ನಿಲ್ಲಿಸಬೇಡಿ. ಫಾರ್ಮಿನಲ್ಲಿ "ಈ ವರ್ಷ ನಿಮ್ಮ ಮನೆಯಲ್ಲಿ ಏನಾಯಿತು?" ಅಂತ ಒಂದು ಪ್ರಶ್ನೆ ಸೇರಿಸಿ. ಉತ್ತರ ಓದಿ ಒಂದು ಫೋನ್ ಮಾಡಿ. ಅರ್ಧಕ್ಕೆ ನಿಂತ ಓದನ್ನು ಮುಂದುವರಿಸಲು ಬರುವ 22, 23 ವರ್ಷದವರಿಗೂ ಅರ್ಜಿ ಹಾಕಲು ಅವಕಾಶ ಇರಲಿ.

ಎರಡನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ನಿಮ್ಮಲ್ಲಿ ಮಹಿಳಾ ವಿಭಾಗ ಇದೆ, ಯುವ ವಿಭಾಗ ಇದೆ, ಯಕ್ಷಗಾನಕ್ಕೆ ಕಲಾ ವಿಭಾಗ ಇದೆ. ಬರುವುದು ನಿಲ್ಲಿಸಿದವರನ್ನು ವಿಚಾರಿಸಲು ಯಾರೂ ಇಲ್ಲ. ಕಳೆದ ವರ್ಷ ಹಾಡಿದ ಹುಡುಗಿ ಈ ವರ್ಷ ಯಾಕೆ ಬಂದಿಲ್ಲ? ಮೂರು ವರ್ಷ ಸತತವಾಗಿ ಫಾರ್ಮ್ ತುಂಬಿದವನು ನಾಲ್ಕನೇ ವರ್ಷ ಎಲ್ಲಿ ಹೋದ? ಪಟ್ಟಿ ನಿಮ್ಮ ಕಚೇರಿಯಲ್ಲೇ ಇದೆ. ಡೊಂಬಿವಲಿ, ಥಾಣೆ, ಮೀರಾ ರೋಡ್, ನವಿ ಮುಂಬಯಿ, ಹೀಗೆ ಒಂದೊಂದು ಭಾಗಕ್ಕೆ ಇಬ್ಬರು ಮೂವರು ಇದ್ದರೆ ಸಾಕು. ತಿಂಗಳಿಗೊಮ್ಮೆ ಪಟ್ಟಿ ನೋಡಿ ಫೋನ್ ಮಾಡಬೇಕು. "ಕಾರ್ಯಕ್ರಮಕ್ಕೆ ಬನ್ನಿ" ಅಂತ ಕರೆಯಲು ಅಲ್ಲ. "ಬಂದಿಲ್ಲವಲ್ಲ, ಹೇಗಿದ್ದೀರಿ?" ಅಂತ ಕೇಳಲು.

ಈ ಕೆಲಸ ಮಾಡುವವರು ಡಾಕ್ಟರ್ ಆಗಿರಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೊಂದನ್ನು ತಂದಿದೆ. ಸಾಮಾನ್ಯ ಜನರೂ ಕಲಿಯಬಹುದಾದದ್ದು. ಅದರಲ್ಲಿ ಹೇಳಿರುವುದು ಮೂರು ಹೆಜ್ಜೆ: ನೋಡು, ಕೇಳು, ಜೋಡಿಸು. ಯಾರು ಕಷ್ಟದಲ್ಲಿದ್ದಾರೆ ಅಂತ ನೋಡುವುದು. ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳುವುದು. ಬೇಕಾದ ಸಹಾಯಕ್ಕೆ ಅವರನ್ನು ಜೋಡಿಸುವುದು. ಮಾವಶಿ ಯಾವ ಪುಸ್ತಕವನ್ನೂ ಓದದೆ ನನಗೆ ಮಾಡಿದ್ದು ಈ ಮೂರೇ. ಒಂದು ಭಾನುವಾರ ಯಾರಾದರೂ ಮನೋವೈದ್ಯರನ್ನು ಕರೆಸಿ ತರಬೇತಿ ಕೊಡಿಸಿದರೆ ಆಯಿತು. ನಮ್ಮವರಲ್ಲೇ ಎಷ್ಟು ಡಾಕ್ಟರುಗಳಿದ್ದಾರೆ!

ಜೋಡಿಸುವುದು ಎಲ್ಲಿಗೆ ಅನ್ನುವುದನ್ನೂ ಎಲ್ಲರಿಗೂ ಗೊತ್ತಾಗುವ ಹಾಗೆ ಬರೆದು ಹಾಕಿ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ನಂಬರು 14416. ಹಗಲೂ ರಾತ್ರಿಯೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಕೆಇಎಂ, ಸಯನ್, ನಾಯರ್, ಈ ಮೂರು ಮಹಾನಗರಪಾಲಿಕೆ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗ ಇದೆ. ಆದರೆ ಗೊತ್ತಿದ್ದರೂ ಮೊದಲ ಸಲ ಒಬ್ಬರೇ ಹೋಗುವುದು ಕಷ್ಟ. ಆ ಸರದಿಯಲ್ಲಿ ಯಾರಾದರೂ ನೋಡಿದರೆ ಏನು ಅಂದುಕೊಳ್ಳುತ್ತಾರೋ ಅನ್ನುವ ಹೆದರಿಕೆ. ಜೊತೆಗೆ ಒಬ್ಬರು ಬಂದರೆ ಆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ.

ಹೋಟೆಲ್ ಮಾಲಕರಿಗೆ ಬೇರೆಯೇ ಒಂದು ಮಾತು. ನಿಮ್ಮ ಹೋಟೆಲಿನ ಮಾಳಿಗೆಯಲ್ಲಿ, ಹಿಂದಿನ ಖೋಲಿಯಲ್ಲಿ ಮಲಗುವ ಹುಡುಗರು ಈಗ ಕರಾವಳಿಯಿಂದ ಮಾತ್ರ ಬರುವುದಿಲ್ಲ. ಉತ್ತರ ಕರ್ನಾಟಕದವರಿದ್ದಾರೆ, ಬಿಹಾರ, ಒಡಿಶಾದವರೂ ಇದ್ದಾರೆ. ಅಪ್ಪಯ್ಯನ ಕಾಲದಲ್ಲಿ ರಾತ್ರಿ ಶಾಲೆ ಇತ್ತು, ಮಾಸ್ತರರಿದ್ದರು, ಊರಿನ ಹತ್ತು ಹುಡುಗರು ಒಟ್ಟಿಗೆ ಇರುತ್ತಿದ್ದರು. ಈಗ ಆ ಶಾಲೆಗಳಲ್ಲಿ ಹೆಚ್ಚಿನವು ಮುಚ್ಚಿವೆ. ಕೆಲಸ ಮುಗಿದ ಮೇಲೆ ಹುಡುಗನಿಗೆ ಉಳಿಯುವುದು ಮೊಬೈಲ್ ಒಂದೇ. ವಾರಕ್ಕೊಂದು ರಜೆ ಅವನಿಗೆ ನಿಜವಾಗಿ ಸಿಗಲಿ. ಮಲಗುವ ಖೋಲಿಯ ಗೋಡೆಯ ಮೇಲೆ 14416 ಬರೆಸಿ. ಊಟ ಬಿಟ್ಟ ಹುಡುಗನನ್ನು ಮೊದಲು ನೋಡುವುದು ಅಡಿಗೆಯವರು. ಅವರಿಗೆ ಒಂದು ಮಾತು ಹೇಳಿಡಿ.

ವೇದಿಕೆಯ ಬಗ್ಗೆಯೂ ಒಂದು ಕೋರಿಕೆ. "ನಿಮಗೆ ಗಟ್ಟಿತನ ಇಲ್ಲ" ಅನ್ನುವ ಮಾತನ್ನು ದಯವಿಟ್ಟು ನಿಲ್ಲಿಸಿ. ಅದರ ಬದಲು ನಿಮ್ಮಲ್ಲಿ ಒಬ್ಬರು, ವರ್ಷಕ್ಕೆ ಒಬ್ಬರೇ ಸಾಕು, ತಾನು ಸೋತ ವರ್ಷದ ಬಗ್ಗೆ ಮಾತಾಡಿ. ಹೋಟೆಲ್ ಮುಳುಗಿದ್ದು, ಸಾಲಗಾರರು ಬಂದದ್ದು, ರಾತ್ರಿ ನಿದ್ದೆ ಬಾರದ್ದು. ಆಗ ಯಾರು ಬಂದರು, ಏನು ಮಾಡಿದರು ಅನ್ನುವುದನ್ನೂ ಹೆಸರು ಹಿಡಿದು ಹೇಳಿ. ನಾವು ಅದನ್ನು ಕೇಳಬೇಕು.

ನನ್ನ ವಯಸ್ಸಿನವರು ಇದನ್ನು ಓದುತ್ತಿದ್ದರೆ ನಿಮಗೂ ಸ್ವಲ್ಪ. ಎಲ್ಲವನ್ನೂ ಹಿರಿಯರೇ ಮಾಡಲಿ ಅಂತ ನಾನು ಹೇಳುತ್ತಿಲ್ಲ. ಆ ಫೋನನ್ನು ನಾನು ಎತ್ತದೇ ಇರಬಹುದಿತ್ತು. ಎತ್ತಿದೆ, ಅದು ನನ್ನ ಪಾಲಿನ ಕೆಲಸ. ಡಾಕ್ಟರು ನನಗೆ ಹೇಳಿಕೊಟ್ಟದ್ದು ದೊಡ್ಡ ವಿಷಯಗಳಲ್ಲ. ರಾತ್ರಿ ಯಾವಾಗ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು. ದಿನಕ್ಕೊಮ್ಮೆ ಹೊರಗೆ ನಡೆಯುವುದು. ಇವತ್ತು ಮಾಡಬೇಕಾದದ್ದರಲ್ಲಿ ಒಂದನ್ನು ಮಾತ್ರ ಚೀಟಿಯಲ್ಲಿ ಬರೆದುಕೊಳ್ಳುವುದು. ಮನೆಯ ದುಡ್ಡಿನ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಕೊರಗುವುದರ ಬದಲು ಮನೆಯವರ ಎದುರು ಕಾಗದದ ಮೇಲೆ ಬರೆಯುವುದು. ನಮ್ಮ ಮನೆಯಲ್ಲಿ ಹಾಗೆ ಬರೆದಾಗ ನಾನು ಹೆದರಿದ್ದಕ್ಕಿಂತ ಸಾಲ ಕಡಿಮೆ ಇತ್ತು. ಇನ್ನೊಂದು, "ನನ್ನಿಂದ ಆಗುತ್ತಿಲ್ಲ" ಅನ್ನುವ ಮಾತನ್ನು ಒಬ್ಬರ ಹತ್ತಿರ ಹೇಳುವುದು. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ಬದುಕೇ ಬೇಡ ಅನಿಸುತ್ತಿದ್ದರೆ ನಾಳೆವರೆಗೆ ಕಾಯಬೇಡಿ. ಈಗಲೇ ಪಕ್ಕದಲ್ಲಿರುವವರಿಗೆ ಹೇಳಿ, ಇಲ್ಲವೇ 14416ಕ್ಕೆ ಫೋನ್ ಮಾಡಿ.

ಮಾನ್ಯರೇ, ಈ ಪತ್ರದ ಪ್ರತಿಯನ್ನು ಅಂಚೆಯಲ್ಲಿ ನಿಮ್ಮ ಕಚೇರಿಗಳಿಗೂ ಕಳುಹಿಸುತ್ತಿದ್ದೇನೆ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಇದನ್ನು ಓದಿ ಅಂತ ವಿನಂತಿ. ಕರೆದರೆ ನಾನೇ ಬರುತ್ತೇನೆ. ಫಾರ್ಮಿನಲ್ಲಿ ಸೇರಿಸಬೇಕಾದ ಪ್ರಶ್ನೆಗಳನ್ನು ಬರೆದಿಟ್ಟಿದ್ದೇನೆ. ಭಾನುವಾರ ನನಗೆ ರಜೆ. ಡೊಂಬಿವಲಿ ಭಾಗದ ಫೋನ್ ಮಾಡುವ ಕೆಲಸವನ್ನು ನನಗೆ ಕೊಡಿ. ಅಪ್ಪಯ್ಯನೂ ಜೊತೆಗಿರುತ್ತೇನೆ ಅಂದಿದ್ದಾರೆ. ಹೋಟೆಲ್ ಹುಡುಗರ ಹತ್ತಿರ ಮಾತಾಡಲು ನನಗಿಂತ ಅವರಿಗೆ ಚೆನ್ನಾಗಿ ಬರುತ್ತದೆ.

ನಮ್ಮ ಬಿಲ್ಡಿಂಗಿನ ಹುಡುಗನಿಗೆ ಕೇಟಿ ಬಿದ್ದ ವಿಷಯಗಳಲ್ಲಿ ಎರಡು ಇನ್ನೂ ಬಾಕಿ ಇವೆ. ಮತ್ತೆ ಪರೀಕ್ಷೆಗೆ ಕೂರಲು ಫೀಸು ಎಷ್ಟಾಗುತ್ತದೆ ಅಂತ ಕಳೆದ ವಾರ ಅವನ ಹತ್ತಿರ ಕೇಳಿದೆ. ಮೊದಲು ಬೇಡ ಅಂದ. ರಾತ್ರಿ ಹನ್ನೆರಡೂವರೆಗೆ, ಕೆಲಸ ಮುಗಿಸಿ ಬಂದ ಮೇಲೆ, ಕಾಲೇಜಿನ ಫೀಸಿನ ಚೀಟಿಯ ಫೋಟೋ ಕಳುಹಿಸಿದ್ದಾನೆ. ಅವನ ಫಾರ್ಮನ್ನು ಈ ಸಲವೂ ನಾನೇ ತರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ನಿಮ್ಮ ವೇದಿಕೆಯಲ್ಲಿ ಪದ್ಯ ಹೇಳಿ ಬೆಳೆದ ಒಬ್ಬಳು
ಡೊಂಬಿವಲಿ